ಓಲಗದ ಮನೆಯ ಹಲ್ಲುಗಳು

ನಮ್ಮ ಮನೆಯಲ್ಲಿ ಬಾಯಿಗೆ ಬಹಳ ಕಟ್ಟುಪಾಡುಗಳಿದ್ದವು. ಐಸ್‌ಕ್ಯಾಂಡಿ ತಿನ್ನುವ ಹಾಗಿರಲಿಲ್ಲ, ಗಂಟಲು ಕಟ್ಟುತ್ತದೆ. ಕುದಿಯುವ ಕಾಫಿ ಕುಡಿಯುವ ಹಾಗಿರಲಿಲ್ಲ, ತುಟಿ ಸುಟ್ಟರೆ ಮೂರು ದಿನ ದುಡಿಮೆ ನಿಲ್ಲುತ್ತದೆ. ಸಿಳ್ಳೆ ಹೊಡೆದರೆ ಬೆನ್ನಿಗೆ ಏಟು ಬೀಳುತ್ತಿತ್ತು, ತುಟಿಗೆ ಕೆಟ್ಟ ಅಭ್ಯಾಸವಾಗುತ್ತದೆಂದು. ಚಳಿಗಾಲದಲ್ಲಿ ಅಪ್ಪ ತುಟಿಗೆ ಬೆಣ್ಣೆ ಸವರಿಕೊಂಡು ಮಲಗುತ್ತಿದ್ದ. ಅವನು ಯಲಹಂಕದ ಹಳೇ ಊರಿನಲ್ಲಿ ನಾಗಸ್ವರ ಊದುತ್ತಿದ್ದವನು. ದೇವಸ್ಥಾನದ ಪೂಜೆ, ಮದುವೆ, ನಾಮಕರಣ, ಸುತ್ತಲಿನ ಹೊಲಗಳಲ್ಲಿ ದಿನಕ್ಕೊಂದರಂತೆ ಏಳುತ್ತಿದ್ದ ಹೊಸ ಮನೆಗಳ ಗೃಹಪ್ರವೇಶ, ಎಲ್ಲಕ್ಕೂ ಅವನಿಗೆ ಕರೆ ಬರುತ್ತಿತ್ತು. ಅವನಿಗಿಂತ ಮೊದಲು ತಾತ ಊದುತ್ತಿದ್ದ. ಅಪ್ಪನಾದ ಮೇಲೆ ನಾನು ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹೀಗೆ ಉಸಿರು, ಗಂಟಲು, ತುಟಿ ಮೂರನ್ನೂ ಮನೆಯವರೆಲ್ಲ ಸೇರಿ ಕಾಯುತ್ತಿದ್ದರು. ಹಲ್ಲನ್ನು ಮಾತ್ರ ಯಾರೂ ಗಣನೆಗೆ ತೆಗೆದುಕೊಂಡಿರಲಿಲ್ಲ. ಬೆಳಿಗ್ಗೆ ಎದ್ದು ಅಂಗೈಗೆ ಒಂದು ಚಿಟಿಕೆ ಹಲ್ಲುಪುಡಿ ಹಾಕಿಕೊಂಡು, ತೋರುಬೆರಳಲ್ಲಿ ನಾಲ್ಕು ಸಲ ಎಳೆದು, ಮುಕ್ಕಳಿಸಿ ಉಗಿದರೆ ಹಲ್ಲಿನ ಕೆಲಸ ಅಂದಿಗೆ ಮುಗಿಯಿತು.

ಮನೆಯೆಂದರೆ ಒಂದರ ಹಿಂದೊಂದು ಮೂರು ಕೋಣೆ. ಮುಂದಿನದು ವಾದ್ಯದ ಕೋಣೆ. ಅಲ್ಲಿ ಗೂಟಕ್ಕೆ ನಾಗಸ್ವರಗಳು ಕೆಂಪು ಬಟ್ಟೆಯ ಚೀಲದಲ್ಲಿ ನೇತಾಡುತ್ತಿದ್ದವು, ಮೂಲೆಯಲ್ಲಿ ಶ್ರುತಿಪೆಟ್ಟಿಗೆ. ಬೆಳಿಗ್ಗೆ ಐದಕ್ಕೆ ಅಪ್ಪನೂ ನಾನೂ ಅಲ್ಲಿ ಕೂತು ಸಾಧನೆ ಮಾಡಬೇಕು. ನಡುವಿನ ಕೋಣೆಯಲ್ಲಿ ಮಲಗುವುದು, ಟೀವಿ ನೋಡುವುದು, ಅಮ್ಮ ಬಟ್ಟೆ ಮಡಿಸುವುದು. ಕೊನೆಯದು ಅಡುಗೆಮನೆ. ಅದನ್ನು ದಾಟಿದರೆ ಹಿತ್ತಲು. ಅಲ್ಲೊಂದು ನುಗ್ಗೇಮರ, ನೀರಿನ ತೊಟ್ಟಿ, ತೊಟ್ಟಿಯ ಪಕ್ಕದಲ್ಲಿ ಬಟ್ಟೆಗೂ ಪಾತ್ರೆಗೂ ಮುಖಕ್ಕೂ ಒಂದೇ ಆದ ಅಗಲವಾದ ಕಲ್ಲು. ತಾತ ಹಗಲೆಲ್ಲ ಆ ನುಗ್ಗೇಮರದ ನೆರಳಲ್ಲಿ ಕೂತು ಪೀಪಿ ಮಾಡುತ್ತಿದ್ದ. ಪೀಪಿ ಎಂದರೆ ನಾಗಸ್ವರದ ತುದಿಗೆ ಸಿಕ್ಕಿಸಿ ತುಟಿಗಳ ನಡುವೆ ಹಿಡಿಯುವ, ಹುಲ್ಲಿನಿಂದ ಮಾಡಿದ ಪುಟ್ಟ ನಾಲಗೆ. ಅದಿಲ್ಲದಿದ್ದರೆ ಅಷ್ಟುದ್ದದ ವಾದ್ಯ ಬರೀ ಕೊಳವೆ.

ತಾತನೇ ಊದುವುದನ್ನು ನಾನು ಕೇಳಿರಲಿಲ್ಲ. ಅವನ ಬಾಯಲ್ಲಿ ಮುಂದಿನ ಹಲ್ಲು ಒಂದೂ ಇರಲಿಲ್ಲ. ಕಟ್ಟಿಸಿಕೊಂಡ ಹಲ್ಲುಸೆಟ್ಟು ಊಟಕ್ಕೆ ಆಗುತ್ತಿತ್ತು, ಊದುವುದಕ್ಕೆ ಆಗುತ್ತಿರಲಿಲ್ಲ. ಉಸಿರು ಒತ್ತಿದರೆ ಸಡಿಲವಾಗಿ ಕಟಕಟ ಎನ್ನುತ್ತಿತ್ತು. ತಾತನ ಮಾತಿನಲ್ಲಿ ಹಕಾರ ಮೊದಲಿನಿಂದಲೂ ಇರಲಿಲ್ಲ. ಹಲ್ಲು ಅವನಿಗೆ ‘ಅಲ್ಲು’, ಹೋಗು ಎಂದರೆ ‘ಓಗು’. ಹಲ್ಲು ಹೋದ ಮೇಲೆ ಉಳಿದ ಅಕ್ಷರಗಳೂ ಸಡಿಲವಾದವು ಎಂದು ಅಮ್ಮ ನಗುತ್ತಿದ್ದಳು. ಅವನ ಹಲ್ಲು ಹೋದದ್ದಕ್ಕೆ ಮನೆಯಲ್ಲಿ ಒಂದು ಕಥೆ ಇತ್ತು. ಮಾಕಳಿಯ ಕಡೆ ಯಾವುದೋ ದೊಡ್ಡ ಮದುವೆಯಲ್ಲಿ ತಾತ ಒಂದೇ ಸಮನೆ ಎರಡು ಗಂಟೆ ತೋಡಿ ರಾಗ ಊದಿದನಂತೆ. ಉಣ್ಣುತ್ತಿದ್ದವರು ಎಲೆ ಬಿಟ್ಟೆದ್ದು ಬಂದು ಸುತ್ತ ನಿಂತರಂತೆ. ಅವತ್ತು ಬಿದ್ದ ದೃಷ್ಟಿಗೆ ವರ್ಷ ತುಂಬುವುದರೊಳಗೆ ಹಲ್ಲು ಒಂದೊಂದಾಗಿ ಉದುರಿದವಂತೆ. ಆ ಕಥೆಯ ಭಯದಿಂದಲೇ, ಅಪ್ಪ ಮದುವೆ ಮುಗಿಸಿ ಬಂದ ಪ್ರತಿ ಸಲವೂ ಅಮ್ಮ ಅವನನ್ನು ಹೊಸ್ತಿಲಲ್ಲಿ ನಿಲ್ಲಿಸಿ ಉಪ್ಪು, ಒಣಮೆಣಸಿನಕಾಯಿ ನೀವಳಿಸಿ ಒಲೆಗೆ ಹಾಕುತ್ತಿದ್ದಳು. ಘಾಟು ಬಂದರೆ ದೃಷ್ಟಿ ಇರಲಿಲ್ಲ ಎಂದು ಅರ್ಥ. ಪ್ರತಿ ಸಲವೂ ನಾವೆಲ್ಲ ಕೆಮ್ಮಿ ಕೆಮ್ಮಿ ನೆಮ್ಮದಿಪಡುತ್ತಿದ್ದೆವು.

ನನ್ನ ಹಲ್ಲುಗಳು ಹುಟ್ಟಿದಾಗಲೇ ಜಗಳಕ್ಕೆ ನಿಂತಿದ್ದವು. ಕೋರೆಹಲ್ಲುಗಳೆರಡೂ ಒಸಡಿನ ಎತ್ತರದಲ್ಲೇ ಮೊಳೆತಿದ್ದವು. ಮುಂದಿನ ಒಂದು ಹಲ್ಲು ಅಡ್ಡ ತಿರುಗಿ, ಅದರ ಅಂಚು ಮೇಲ್ದುಟಿಯ ಒಳಮೈಗೆ ತಾಗುತ್ತಿತ್ತು. ಸುಮ್ಮನಿದ್ದಾಗ ಏನೂ ತೊಂದರೆ ಇರಲಿಲ್ಲ. ಪೀಪಿ ಹಿಡಿದು ತುಟಿ ಬಿಗಿದರೆ ಅದೇ ಜಾಗ ಕೊಯ್ಯುತ್ತಿತ್ತು. ಏಳನೇ ಕ್ಲಾಸಿನ ವರ್ಷ ಅಲ್ಲೊಂದು ಹುಣ್ಣು ಎದ್ದು ವಾಸಿಯಾಗಲೇ ಇಲ್ಲ. ಅಪ್ಪನಿಗೆ ಹೇಳಿದೆ.

“ಬಾಯಿ ಪಳಗೋವರ್ಗೂ ಎಲ್ರಿಗೂ ಹಿಂಗೇ. ಊದು.”

ಊದಿದೆ. ಪೀಪಿಗೆ ಅಂಟಿದ ರಕ್ತವನ್ನು ಟವಲಿನ ಅಂಚಿಗೆ ಒರೆಸಿಕೊಳ್ಳುತ್ತಿದ್ದೆ. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಚೆಕಿಂಗ್ ಮಾಡುವವಳು; ಸಾವಿರ ಅಂಗಿಗಳಲ್ಲಿ ಒಂದು ಎಳೆ ಬಿಟ್ಟಿದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಒಂದು ಭಾನುವಾರ ಟವಲು ಒಗೆಯುವಾಗ ಕಂದು ಕಲೆಗಳು ಕಂಡವು. ಯಾರ ಜೊತೆಯೂ ಮಾತಾಡದೆ ಮರುದಿನವೇ ರಜ ಹಾಕಿ, ನನ್ನನ್ನು ಡೆಂಟಲ್ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಓದುತ್ತಿರುವ ಡಾಕ್ಟರುಗಳೇ ನೋಡುತ್ತಿದ್ದುದರಿಂದ ಖರ್ಚು ನಮ್ಮಂಥವರ ಕೈಗೆ ಎಟುಕುತ್ತಿತ್ತು. ನನ್ನನ್ನು ನೋಡಿದ ಡಾಕ್ಟರಮ್ಮ ಇನ್ನೂ ಕಾಲೇಜು ಹುಡುಗಿಯ ಹಾಗೆ ಕಾಣುತ್ತಿದ್ದರು, ಆದರೆ ದನಿ ಮಾತ್ರ ನಮ್ಮ ಹೆಡ್‌ಮಿಸ್ಸಿನದು.

“ಇದು ಬರೀ ಅಂದಕ್ಕೆ ಅಲ್ಲಮ್ಮ. ಇಲ್ಲಿ ನೋಡಿ, ಈ ಹಲ್ಲು ದಿನಾ ಒಂದೇ ಜಾಗ ಕೊರೀತಿದೆ. ಇಷ್ಟು ಒತ್ತೊತ್ತಾಗಿ ಇರೋದ್ರಿಂದ ಸಂದೀಲಿ ಕೊಳೆ ನಿಂತು ಒಸಡೂ ಹಾಳಾಗ್ತಿದೆ. ನಾಲ್ಕು ಹಲ್ಲು ತೆಗೆದು ಜಾಗ ಮಾಡಿ ಕ್ಲಿಪ್ ಹಾಕ್ಬೇಕು. ಎರಡು ವರ್ಷ ಹಿಡಿಯುತ್ತೆ.”

“ಇವನು ಓಲಗ ಊದ್ತಾನೆ ಮೇಡಂ. ಊದ್ಬೋದಾ?” ಅಮ್ಮ ಕೇಳಿದಳು.

ಡಾಕ್ಟರಮ್ಮ ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟು ಯೋಚಿಸಿದರು.

“ನಿಜ ಹೇಳ್ಲಾ? ನಂಗೊತ್ತಿಲ್ಲ. ಓಲಗ ಊದೋ ಪೇಶೆಂಟ್ ನಂಗೆ ಇವನೇ ಮೊದ್ಲು. ಶುರೂಲಿ ಕಷ್ಟ ಆಗುತ್ತೆ, ಆಮೇಲೆ ಅಭ್ಯಾಸ ಆಗ್ಬೋದು. ಆದ್ರೆ ಒಂದು ಮಾತು ಗೊತ್ತು. ಕ್ಲಿಪ್ ಹಾಕಿದ್ಮೇಲೆ ಬಾಯಿ ಕ್ಲೀನಾಗಿ ಇಟ್ಕೊಳ್ಲಿಲ್ಲ ಅಂದ್ರೆ ಇರೋ ಹಲ್ಲೂ ಹಾಳಾಗುತ್ತೆ. ಹಂಗಾದ್ರೆ ನಾನೇ ತೆಗೆದುಬಿಡ್ತೀನಿ.”

ಬಸ್ಸಿನಲ್ಲಿ ಅಮ್ಮ ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ಇಳಿಯುವ ಮೊದಲು ಒಂದೇ ಮಾತು ಹೇಳಿದಳು: “ಸೊಟ್ಟ ಹೊಲಿಗೇನ ಬಿಚ್ಚೇ ಹೊಲೀಬೇಕು ಕಣೋ. ಮೇಲೆ ಇಸ್ತ್ರಿ ಎಳೆದ್ರೆ ಸರಿಹೋಗಲ್ಲ.”

ಅವತ್ತು ರಾತ್ರಿಯ ಊಟಕ್ಕೆ ಮುದ್ದೆ, ಬಸ್ಸಾರು. ನಾಲ್ವರೂ ಅಡುಗೆಮನೆಯಲ್ಲಿ ನೆಲಕ್ಕೆ ಕೂತು ಉಣ್ಣುವುದು ನಮ್ಮ ರೂಢಿ. ಅಮ್ಮ ಎರಡನೇ ಮುದ್ದೆ ಬಡಿಸುವಾಗ ವಿಷಯ ಎತ್ತಿದಳು. ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು.

“ಊದೋನ ಬಾಯಲ್ಲಿ ನಾಲ್ಕು ಹಲ್ಲು ಕಿತ್ತು ತಂತಿ ಬಿಗಿಸ್ತಾರಂತಾ? ಯಾರನ್ನ ಕೇಳಿ ಒಪ್ಕೊಂಡು ಬಂದೆ?”

“ಒಪ್ಕೊಂಡಿಲ್ಲ. ನಿಮ್ಮನ್ನ ಕೇಳೋಣ ಅಂತ್ಲೇ ಬಂದಿದೀನಿ.”

“ಕೇಳಿದ್ಯಲ್ಲ. ಬೇಡ.”

“ಮಗು ಬಾಯಲ್ಲಿ ರಕ್ತ ಬರ್ತಿದೆ ಕಣ್ರೀ.”

“ಊದೋರಿಗೆ ಎಲ್ರಿಗೂ ಬರುತ್ತೆ. ನಂಗೂ ಬರುತ್ತೆ.”

“ನಂಗೂ ಬರ್ತಿತ್ತು,” ಎಂದ ತಾತ.

ತಾತ ಊಟದ ಮಧ್ಯೆ ಮಾತಾಡುವವನಲ್ಲ. ಹಲ್ಲುಸೆಟ್ಟು ಜಾರುತ್ತದೆಂದು ತಲೆ ಬಗ್ಗಿಸಿ ನುಂಗುವವನು. ಅವತ್ತು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಸೆಟ್ಟನ್ನು ತೆಗೆದು ಲೋಟದ ನೀರಿಗೆ ಹಾಕಿ, ಬೊಚ್ಚುಬಾಯಲ್ಲಿ ಅಪ್ಪನ ಕಡೆ ತಿರುಗಿದ.

“ಅತ್ತು ವರ್ಸ ಬರ್ತಿತ್ತು ಕಣ್ಲಾ. ಬಾಯ್ ತುಂಬ ಒಗೆಸೊಪ್ಪು ಇಟ್ಕಂಡು ತಿರುಗ್ತಿದ್ದೆ. ಒಸಡೆಲ್ಲ ಕೀವಾಗಿತ್ತು. ಆಸ್ಪತ್ರೇಲಿ ತೋರ್ಸು ಅಂತ ನಿಮ್ಮವ್ವ ಬಡ್ಕಂಡ್ಲು, ನಾನು ಓಗ್ಲಿಲ್ಲ. ಮಾಕಳಿ ಮದುವೇಲಿ ಊದೋವಾಗ್ಲೇ ಎರಡು ಅಲ್ಲು ಅಲ್ಲಾಡ್ತಿದ್ವು.”

“ಅಯ್ಯಾ, ಅದು ದೃಷ್ಟಿ ಅಂತ…”

“ಜನ ದೃಷ್ಟಿ ಅಂದ್ರು. ಅಂಗನ್ನೋದೇ ವಾಸಿ ಅನ್ನಿಸ್ತು, ಅಂಗೇ ಬುಟ್ಟೆ. ಯಾರ ದೃಷ್ಟೀನೂ ಅಲ್ಲ ಕಣ್ಲಾ. ನಾನು ಬಾಯಿ ತೊಳ್ಕಳ್ಲಿಲ್ಲ, ಅಷ್ಟೇಯ.”

ಅಮ್ಮ ಸೌಟು ಹಿಡಿದೇ ನಿಂತಿದ್ದಳು. ಅಷ್ಟು ವರ್ಷ ಅವಳು ನೀವಳಿಸಿದ ಉಪ್ಪು ಮೆಣಸಿನಕಾಯಿಯೆಲ್ಲ ಆ ಒಂದು ಮಾತಿಗೆ ಹೊಗೆಯಾಯಿತು. ಅಪ್ಪ ಅರ್ಧ ಊಟದಲ್ಲೇ ಎದ್ದು ಕೈ ತೊಳೆದ. ತಪ್ಪು ಒಪ್ಪಿಕೊಂಡವನು ತಾತ. ಮುಖ ಕಪ್ಪಿಟ್ಟದ್ದು ಅಪ್ಪನದು. ಅದು ಯಾಕೆಂದು ನನಗೆ ಆಗ ತಿಳಿಯಲಿಲ್ಲ. ತಾತ ಅಮ್ಮನಿಗೆ ಹೇಳಿದ: “ನೀನು ಕರ್ಕಂಡೋಗವ್ವ. ಇವನು ಬ್ಯಾಡ ಅಂದ್ರೆ ನಾನು ಕರ್ಕಂಡೋಯ್ತೀನಿ.”

ಬೇಸಿಗೆ ರಜೆಯಲ್ಲಿ ನಾಲ್ಕು ಹಲ್ಲು ತೆಗೆಸಿಕೊಂಡು ಕ್ಲಿಪ್ ಹಾಕಿಸಿಕೊಂಡೆ. ಮೊದಲ ವಾರ ಹಲ್ಲುಗಳೆಲ್ಲ ಒಂದೇ ಗಾಯದ ಹಾಗೆ ನೋಯುತ್ತಿದ್ದವು. ಅನ್ನದ ಅಗುಳೂ ಕಲ್ಲಾಗಿತ್ತು. ಮೆತ್ತಗಿನ ಆಹಾರ ಎಂದು ಆಸ್ಪತ್ರೆಯಲ್ಲಿ ಕೊಟ್ಟ ಚೀಟಿಯಲ್ಲಿ ಇಡ್ಲಿ, ಮೊಸರನ್ನ, ಹಾಲಲ್ಲಿ ನೆನೆಸಿದ ಬ್ರೆಡ್ಡು ಎಂದೆಲ್ಲ ಬರೆದಿತ್ತು. ಮುದ್ದೆಯ ಹೆಸರೇ ಇರಲಿಲ್ಲ. ಅಗಿಯದೆ ನುಂಗುವ ಊಟ ಲೋಕದಲ್ಲಿ ಇನ್ನಾವುದಿದೆ! ಅಲ್ಲಿಯವರೆಗೆ ಮುದ್ದೆ ಕಂಡರೆ ಮೂಗು ಮುರಿಯುತ್ತಿದ್ದ ನಾನು ಆ ಎರಡು ವರ್ಷದಲ್ಲಿ ಸೇರುಗಟ್ಟಲೆ ರಾಗಿ ನುಂಗಿದೆ. ಸೊಪ್ಪು ಮಾತ್ರ ಶತ್ರುವಾಯಿತು. ಒಂದು ಎಳೆ ದಂಟಿನಸೊಪ್ಪು ತಂತಿಗೆ ಸುತ್ತಿಕೊಂಡರೆ ನಾಲಗೆಗೆ ಇಡೀ ದಿನ ಅದೇ ಉದ್ಯೋಗ. ಡಾಕ್ಟರಮ್ಮ ಉಜ್ಜುವುದನ್ನು ಒಂದು ಗೊಂಬೆ ದವಡೆಯ ಮೇಲೆ ತೋರಿಸಿಕೊಟ್ಟಿದ್ದರು. ತಿಂದಾಗಲೆಲ್ಲ ಉಜ್ಜಬೇಕು. ತಂತಿಯ ಮೇಲೆ ಬ್ರಶ್ಶನ್ನು ಓರೆಯಾಗಿ ಹಿಡಿದು ಒಂದು ಸಲ, ಕೆಳಗಿನಿಂದ ಒಂದು ಸಲ, ಆಮೇಲೆ ಬಾಟಲಿ ತೊಳೆಯುವ ಬ್ರಶ್ಶಿನ ಮರಿಯಂಥ ಇನ್ನೊಂದು ಪುಟ್ಟ ಬ್ರಶ್ಶನ್ನು ತಂತಿಯ ಕೆಳಗೆ ತೂರಿಸಿ ಒಂದೊಂದು ಸಂದನ್ನೂ ತೆಗೆಯಬೇಕು, ಕೊನೆಗೆ ಉಪ್ಪುನೀರು. ಎಲ್ಲಾ ಸೇರಿ ಕಾಲು ಗಂಟೆ ಹಿಡಿಯುತ್ತಿತ್ತು.

ಅಮ್ಮ ಎಂಟಕ್ಕೆ ಗಾರ್ಮೆಂಟ್ಸ್ ಬಸ್ಸು ಹಿಡಿದರೆ ಬರುವುದು ಸಂಜೆ ಏಳಕ್ಕೆ. ಹಾಗಾಗಿ ನನ್ನ ಕಾವಲು ತಾತನ ಪಾಲಿಗೆ ಬಂತು. ನಾನು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತರೆ ಅವನು ಚೊಂಬು ಹಿಡಿದು ನಿಲ್ಲುವನು. ಮುಗಿದ ಮೇಲೆ “ಒತ್ತಿನ ಕಡೆ ತಿರುಗು” ಎಂದು ಗದ್ದ ಹಿಡಿದು ಬಿಸಿಲಿಗೆ ಬಾಯಿ ತೆರೆಸಿ, ಪೀಪಿಯ ಅಂಚು ನೋಡುವಾಗಿನ ಹಾಗೆಯೇ ಒಂದು ಕಣ್ಣು ಮುಚ್ಚಿ ನೋಡುವನು. ಶಾಲೆಗೆ ಬ್ರಶ್ಶನ್ನು ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆ. ನಲ್ಲಿಯ ಹತ್ತಿರ ಹುಡುಗರು ಸುತ್ತ ನಿಂತು, “ಬಂತು ನೋಡ್ರೋ ಯಲಹಂಕ ಜಂಕ್ಷನ್ನು, ಬರೀ ಹಳಿಗಳು ಮಗಾ!” ಎಂದು ರೈಲಿನ ಕೂಗು ಹಾಕುತ್ತಿದ್ದರು. ‘ಜಂಕ್ಷನ್’ ಎಂಬ ಹೆಸರು ಹತ್ತನೇ ಕ್ಲಾಸಿನವರೆಗೂ ಉಳಿಯಿತು. ಅದು ನನಗೆ ಅಷ್ಟೇನೂ ನಾಟಲಿಲ್ಲ. ನಾಟಿದ್ದು ಮುಂದಿನ ಕೋಣೆಯ ಮೌನ. ಕ್ಲಿಪ್ ಹಾಕಿದ ಮೂರನೇ ವಾರ ಪೀಪಿ ಬಾಯಿಗಿಟ್ಟು ಬಿಗಿದೆ. ತುಟಿ ಒಳಗಡೆ ಎರಡು ಕಡೆ ಹರಿಯಿತು. ಬಂದದ್ದು ಒಡೆದ ಸೈಕಲ್ ಹಾರನ್ನಿನ ಸ್ವರ. ಅಪ್ಪ “ಸಾಕು, ಇಡು” ಎಂದ. ಆಮೇಲೆ ಐದು ಗಂಟೆಗೆ ನನ್ನನ್ನು ಎಬ್ಬಿಸಲಿಲ್ಲ. ಮದುವೆಗಳಿಗೆ ಅಲ್ಲಾಳಸಂದ್ರದಿಂದ ಒಬ್ಬರನ್ನು ಜೊತೆಗೆ ಕರೆಸಿಕೊಂಡು, ನನ್ನ ಕೈಗೆ ತಾಳ ಕೊಟ್ಟ. ಅಪ್ಪನ ಬಲಮಗ್ಗುಲಲ್ಲಿ ನನ್ನ ಜಾಗದಲ್ಲಿ ಇನ್ನೊಬ್ಬರು ಕೂತು ಊದುತ್ತಿದ್ದರೆ, ಹಿಂದೆ ಕೂತು ಠಿಣ್ ಠಿಣ್ ಎನ್ನಿಸುತ್ತಿದ್ದೆ.

ಯಾರಿಗೂ ಬೇಡವಾದ ಬಾಯನ್ನು ನಾನಾದರೂ ಯಾಕೆ ನೋಡಿಕೊಳ್ಳಲಿ ಎನ್ನಿಸತೊಡಗಿತು. ಗಣೇಶನ ಹಬ್ಬ ಬಂತು. ಆರ್.ಟಿ. ನಗರ, ತಣಿಸಂದ್ರ ಎಂದು ದಿನಕ್ಕೊಂದು ಪೆಂಡಾಲು. ಹೋದ ಕಡೆಯೆಲ್ಲ ಚಕ್ಕುಲಿ, ಕೊಬ್ಬರಿಮಿಠಾಯಿ, ಕರ್ಜಿಕಾಯಿ. ಬೇಡ ಎನ್ನುವವರು ಯಾರೂ ಇರಲಿಲ್ಲ. ಚಕ್ಕುಲಿ ಕಡಿಯುವಾಗ ಒಂದು, ಆಮೇಲೆ ಇನ್ನೊಂದು ಕ್ಲಿಪ್ಪು ಟಕ್ಕೆಂದು ಎದ್ದುಬಂದರೂ ಸುಮ್ಮನಿದ್ದೆ. ಮನೆಯಲ್ಲಿ ಬ್ರಶ್ಶನ್ನು ನೀರಿಗೆ ಅದ್ದಿ, ಒಂದಿಷ್ಟು ಪೇಸ್ಟಿನ ವಾಸನೆ ಬಾಯಿಗೆ ತಗಲಿಸಿಕೊಂಡು ಎದ್ದುಬಿಡುತ್ತಿದ್ದೆ. ತಾತನ ಕಣ್ಣಿಗೆ ಪೊರೆ ಬರುತ್ತಿರುವುದು ನನಗೆ ಗೊತ್ತಿತ್ತು. ಅವನು ಗದ್ದ ಹಿಡಿದು ನೋಡಿ “ಚೆನ್ನಾಗಿದೆ ಕಣೋ” ಎನ್ನುವಾಗ ನಾನು ಆಕಾಶ ನೋಡುತ್ತಿದ್ದೆ. ಇವತ್ತಿಗೂ ಆ ನೆನಪು ಬಂದರೆ ಕಿವಿ ಬಿಸಿಯಾಗುತ್ತದೆ.

ಆ ತಿಂಗಳು ಆಸ್ಪತ್ರೆಗೆ ಹೋಗಿ ತೋರಿಸಬೇಕಾದ ದಿನ ಅಮ್ಮನಿಗೆ ರಜೆ ಸಿಗಲಿಲ್ಲ. ತಾತನಿಗೆ ಮಂಡಿ ಹಿಡಿದಿತ್ತು. ಅಪ್ಪನೇ ಬರಬೇಕಾಯಿತು. ಏರ್‌ಪೋರ್ಟ್ ರಸ್ತೆಯಲ್ಲಿ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲ. ಬಸ್ಸು ಧೂಳಿನಲ್ಲಿ ತೆವಳುತ್ತಿತ್ತು. ಆಸ್ಪತ್ರೆಯ ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದ ಕೂಡಲೇ ಡಾಕ್ಟರಮ್ಮನ ಹುಬ್ಬು ಗಂಟಾಯಿತು.

“ದಿನಾ ಉಜ್ತೀಯಾ?”

“ಉಜ್ತೀನಿ ಮೇಡಂ.”

“ಎಷ್ಟು ಸಲ?”

“ಮೂರು.”

ಅವರು ಹತ್ತಿಯಲ್ಲಿ ಯಾವುದೋ ಕೆಂಪು ನೀರು ಅದ್ದಿ ನನ್ನ ಹಲ್ಲಿಗೆಲ್ಲ ಸವರಿ, ಮುಕ್ಕಳಿಸಲು ಹೇಳಿದರು. ಆಮೇಲೆ ಕೈಗೆ ಕನ್ನಡಿ ಕೊಟ್ಟರು. ಬಾಯೆಲ್ಲ ಗುಲಾಬಿ. ಒಂದೊಂದು ಕ್ಲಿಪ್ಪಿನ ಸುತ್ತಲೂ ದಟ್ಟವಾದ ಬಣ್ಣದ ಬಳೆ.

“ಹಲ್ಲು ಕ್ಲೀನಾಗಿದ್ರೆ ಈ ಬಣ್ಣ ನಿಲ್ಲಲ್ಲ. ಕೊಳೆ ಇರೋ ಕಡೆ ಮಾತ್ರ ಹಿಡಿಯುತ್ತೆ. ಸುಳ್ಳನ್ನ ನೀನು ಹೇಳ್ಬೋದು ಮಂಜುನಾಥ, ಬಣ್ಣ ಹೇಳಲ್ಲ.” ಅವರು ಅಪ್ಪನ ಕಡೆ ತಿರುಗಿದರು. “ಒಸಡು ನೋಡಿ, ಹೆಂಗೆ ಊದಿದೆ. ಎರಡು ಕ್ಲಿಪ್ ಕಿತ್ತುಹೋಗಿದೆ. ಮುಂದಿನ ತಿಂಗಳೂ ಹಿಂಗೇ ಇದ್ರೆ ತೆಗೆದುಬಿಡ್ತೀನಿ ಸರ್. ಇದನ್ನ ಹಿಂಗೇ ಮುಂದುವರ್ಸೋದು ತಪ್ಪಾಗುತ್ತೆ.”

ಅಪ್ಪ ಕಾಯುತ್ತಿದ್ದ ಗಳಿಗೆ ಇದೇ ಎಂದುಕೊಂಡೆ. ‘ಈಗ್ಲೇ ತೆಗೀರಿ’ ಎನ್ನುತ್ತಾನೆ, ಮನೆಯಲ್ಲಿ ‘ನಾನು ಮೊದ್ಲೇ ಹೇಳ್ಲಿಲ್ವಾ’ ಎನ್ನುತ್ತಾನೆ. ಅವನು ಬಗ್ಗಿ ನನ್ನ ಬಾಯೊಳಗೆ ತುಂಬ ಹೊತ್ತು ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ:

“ಒಸಡು ಹಿಂಗೆ ಊದ್ಕೊಂಡ್ರೆ ಹಲ್ಲು ಬಿದ್ದೋಗುತ್ತಾ ಮೇಡಂ?”

“ತುಂಬ ವರ್ಷ ಹಂಗೇ ಬಿಟ್ರೆ ಬೀಳುತ್ತೆ.”

“ಅಲ್ಲಾಡೋಕೆ ಶುರುವಾಗಿರೋ ಹಲ್ಲು ಮತ್ತೆ ನಿಲ್ಲುತ್ತಾ?”

“ಇವನದು ಯಾವ್ದೂ ಅಲ್ಲಾಡ್ತಿಲ್ವಲ್ಲ.”

“ಇವನದಲ್ಲ,” ಎಂದ ಅಪ್ಪ.

ಡಾಕ್ಟರಮ್ಮ ನನ್ನನ್ನು ಕುರ್ಚಿಯಿಂದ ಇಳಿಸಿದರು. ಅಪ್ಪ ಚಪ್ಪಲಿ ಬಿಟ್ಟು, ದೇವಸ್ಥಾನಕ್ಕೆ ಹತ್ತುವವನ ಹಾಗೆ ಕುರ್ಚಿ ಹತ್ತಿದ. ಕೆಳಗಿನ ಮುಂದಿನ ಎರಡು ಹಲ್ಲು ಬೆರಳಿಗೆ ಅಲ್ಲಾಡುತ್ತಿದ್ದವು, ಮೇಲಿನದೊಂದು ಸ್ವಲ್ಪ. ಎಷ್ಟು ದಿನದಿಂದ ಎಂದು ಕೇಳಿದರೆ “ಒಂದೂವರೆ ವರ್ಷ” ಎಂದ. ಮನೆಯಲ್ಲಿ ಯಾರಿಗೂ ಹೇಳಲಿಲ್ಲವೇ ಎಂದರೆ, “ಹೇಳಿದ್ರೆ ಊರಿಗೆ ಗೊತ್ತಾಗುತ್ತೆ. ಗೊತ್ತಾದ್ರೆ ಕರೆಯೋರು ಕರೆಯಲ್ಲ” ಎಂದ. ಪಕ್ಕದಲ್ಲಿ ನಿಂತಿದ್ದ ನನ್ನ ಗುಲಾಬಿ ಬಾಯಿ ತೆರೆದೇ ಇತ್ತು. ಅಪ್ಪ ಈಚೆಗೆ ಪೀಪಿಯನ್ನು ಎಡಗಡೆಗೆ ಸರಿಸಿ ಹಿಡಿಯುತ್ತಿದ್ದುದು, ಹೋಳಿಗೆಯನ್ನೂ ಹಾಲಲ್ಲಿ ಅದ್ದಿ ತಿನ್ನುತ್ತಿದ್ದುದು, ತಾತ ಮಾತಾಡಿದ ರಾತ್ರಿ ಅರ್ಧ ಊಟದಲ್ಲಿ ಎದ್ದದ್ದು ಎಲ್ಲವೂ ಒಂದಕ್ಕೊಂದು ಹೊಂದಿಕೊಂಡವು. ನನ್ನ ತಂತಿಯ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಆಸ್ಪತ್ರೆಯ ಮಾತು ಮನೆಗೆ ಬಂದರೆ ತನ್ನ ಬಾಯಿಯೂ ತೆರೆಯಬೇಕಾಗುತ್ತದೆಂಬ ಭಯ ಇತ್ತು, ಅಷ್ಟೇ.

ಕೆಳಗಿನ ಮಹಡಿಯಲ್ಲಿ ಒಸಡಿನ ಡಾಕ್ಟರು. ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು, ಅಪ್ಪನಿಗಿಂತ ಹಿರಿಯರಾದ ಅವರು ಹೇಳಿದರು: “ಬೇರು ಇನ್ನೂ ಮೂಳೆಯೊಳಗೇ ಇದೆ. ನಾಲ್ಕಾರು ಸಲ ಬಂದು ಆಳಕ್ಕೆ ಕ್ಲೀನ್ ಮಾಡಿಸ್ಕೊಳ್ಳಿ, ಅಲ್ಲಾಡೋದನ್ನ ಪಕ್ಕದ ಹಲ್ಲಿಗೆ ಸೇರಿಸಿ ಕಟ್ತೀವಿ. ನಿಲ್ಲುತ್ತೆ. ಆದ್ರೆ ಹೊಗೆಸೊಪ್ಪು ಇವತ್ತಿಗೇ ಕೊನೆ.”

“ನಿಲ್ಲುತ್ತಾ?”

“ನಿಲ್ಲುತ್ತೆ ಅಂದ್ನಲ್ಲ.”

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಅಪ್ಪ ಕೂತು, ಗೋಡೆಗೆ ತಲೆ ಆನಿಸಿ, ಕಣ್ಣು ಮುಚ್ಚಿ ಉಸಿರು ಬಿಟ್ಟ. ನಾಗಸ್ವರದವನ ಉಸಿರು. ಅದು ಮುಗಿಯುವುದರೊಳಗೆ ನಾನು ಮೂರು ಸಲ ಉಸಿರಾಡಿದೆ. ಒಂದೂವರೆ ವರ್ಷ ಹಿಡಿದಿಟ್ಟದ್ದೆಲ್ಲ ಅದರಲ್ಲಿ ಹೊರಗೆ ಹೋದಂತೆ ಕಂಡಿತು. ಸೊಂಟದಲ್ಲಿದ್ದ ಎಲೆಅಡಿಕೆ ಚೀಲದಿಂದ ಹೊಗೆಸೊಪ್ಪಿನ ಪೊಟ್ಟಣ ತೆಗೆದು ಕಸದ ಡಬ್ಬಿಗೆ ಹಾಕಿದ. ವಾಪಸ್ಸು ಬರುವ ಬಸ್ಸಿನಲ್ಲಿ ನನಗೆ ಸುಮ್ಮನಿರಲಾಗಲಿಲ್ಲ.

“ಅಪ್ಪಾ, ನಾನು ಉಜ್ತಿರ್ಲಿಲ್ಲ.”

“ಗೊತ್ತಾಯ್ತು.”

ಕೋಗಿಲು ಕ್ರಾಸ್ ದಾಟಿದ ಮೇಲೆ ಅವನೇ ಮತ್ತೆ ಹೇಳಿದ: “ನಾನೂ ಉಜ್ತಿರ್ಲಿಲ್ಲ ಬಿಡು.”

ಇಬ್ಬರಿಗೂ ನಗು ಬಂತು. ಅಪ್ಪ ಬಾಯಿ ತೆರೆದು ನಗುವುದನ್ನು ಎಷ್ಟೋ ದಿನದ ಮೇಲೆ ನೋಡಿದ್ದೆ.

ಮನೆಯಲ್ಲಿ ಅಮ್ಮ ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ಎಲ್ಲರಿಗೂ ಪಾಯಸ ಮಾಡಿದಳು. ತಾತ ಮಾತ್ರ ಅಪ್ಪನ ಗದ್ದ ಹಿಡಿದು, ಪೊರೆಯ ಕಣ್ಣಲ್ಲಿ ಅಷ್ಟು ಹೊತ್ತು ನೋಡಿ, “ಉಳೀತಲ್ಲ” ಎಂದು ಕೈಬಿಟ್ಟ. ನಾನು ತಾತನಿಗೂ ನಿಜ ಹೇಳಿದೆ. “ಕಾಣ್ತಿರ್ಲಿಲ್ಲ ಕಣೋ,” ಎಂದ ಅವನು, “ನಿನ್ನ ನಂಬಿ ಚೆನ್ನಾಗಿದೆ ಅಂತಿದ್ದೆ.” ಬೈದಿದ್ದರೆ ಒಳ್ಳೆಯದಿತ್ತು.

ಮರುದಿನದಿಂದ ಹಿತ್ತಲ ಕಲ್ಲಿನ ಮುಂದೆ ಇಬ್ಬರು ಕೂತೆವು. ಅಪ್ಪನಿಗೆ ಯಾವ ಕೆಲಸವನ್ನೂ ಲೆಕ್ಕವಿಲ್ಲದೆ ಮಾಡಲು ಬರುತ್ತಿರಲಿಲ್ಲ. ತೊಡೆಯ ಮೇಲೆ ಎಡಗೈಯಲ್ಲಿ ಆದಿತಾಳ ಹಾಕುತ್ತಾ, ಒಂದು ಹಲ್ಲಿಗೆ ಒಂದು ಆವರ್ತ ಎಂದು ನಿಯಮ ಮಾಡಿದ. ತಾಳ ಮುಗಿಯದೆ ಮುಂದಿನ ಹಲ್ಲಿಗೆ ಹೋಗುವಂತಿಲ್ಲ. “ಸರಳೆ ಹೇಳೋವಾಗ ಒಂದು ಸ್ವರ ನುಂಗ್ತೀಯಾ? ಇಲ್ವಲ್ಲ. ಹಂಗೇ ಇದೂನೂ.” ಡಾಕ್ಟರಮ್ಮ ಒಂದು ಪುಟ್ಟ ಸೀಸೆಯಲ್ಲಿ ಆ ಕೆಂಪು ನೀರನ್ನು ಕೊಟ್ಟಿದ್ದರು. ಭಾನುವಾರ ಇಬ್ಬರೂ ಹಚ್ಚಿಕೊಂಡು ಅಮ್ಮನ ಮುಂದೆ ಬಾಯಿ ತೆರೆದು ನಿಲ್ಲುವುದು, ಅವಳು ಅಂಗಿಯ ಹೊಲಿಗೆ ನೋಡುವ ಕಣ್ಣಲ್ಲಿ ನೋಡಿ ತೀರ್ಪು ಹೇಳುವುದು. “ನಿಮ್ದು ರಿಜೆಕ್ಟ್ ಕಣ್ರೀ, ಹಿಂದಿನ ಹಲ್ಲೆಲ್ಲ ಬಣ್ಣ. ಮಂಜಂದು ಪಾಸು.” ಅಪ್ಪ ಮತ್ತೆ ಕಲ್ಲಿಗೆ ಓಡುತ್ತಿದ್ದ. ಆ ವರ್ಷದ ಆಯುಧಪೂಜೆಗೆ ನಾಗಸ್ವರ, ಡೋಲು, ತಾಳಗಳನ್ನು ಮಣೆಯ ಮೇಲೆ ಜೋಡಿಸಿ ಅಮ್ಮ ಅರಿಶಿನ ಕುಂಕುಮ ಇಡುತ್ತಾ ಬಂದವಳು, ಕೊನೆಯಲ್ಲಿ ನಮ್ಮಿಬ್ಬರ ಬ್ರಶ್ಶುಗಳನ್ನೂ ತಂದಿಟ್ಟು ಅವಕ್ಕೂ ಒಂದೊಂದು ಬೊಟ್ಟು ಇಟ್ಟಳು. ಯಾರೂ ನಗಲಿಲ್ಲ.

ಒಂದು ದಿನ ಅಪ್ಪ ಐದಕ್ಕೆ ನನ್ನನ್ನು ಎಬ್ಬಿಸಿದ. ತಾತ ನನಗೆಂದೇ ತೆಳುವಾದ, ಮೆತ್ತಗಿನ ಪೀಪಿ ಮಾಡಿಟ್ಟಿದ್ದ. ಆಸ್ಪತ್ರೆಯಲ್ಲಿ ಕೊಟ್ಟ ಮೇಣವನ್ನು ಕ್ಲಿಪ್ಪುಗಳ ಮೇಲೆ ಒತ್ತಿಕೊಂಡು ಕೂತೆ. ತುಟಿ ಬಿಗಿದರೆ ಚುಚ್ಚುತ್ತಿತ್ತು, ಬಿಗಿಯದಿದ್ದರೆ ಸ್ವರ ನಿಲ್ಲುತ್ತಿರಲಿಲ್ಲ. ತಿಂಗಳುಗಟ್ಟಲೆ ಹೆಣಗಿದೆ. ತುಟಿಯಿಂದ ಆಗದ್ದನ್ನು ಹೊಟ್ಟೆಯ ಉಸಿರಿನಿಂದ ಮಾಡುವುದು ಹೀಗೆ ನನಗೆ ಅನಿವಾರ್ಯವಾಗಿ ಬಂತು. ಒಂದು ಬೆಳಿಗ್ಗೆ ಅಪ್ಪ ತಾನು ಊದುವುದನ್ನು ನಿಲ್ಲಿಸಿ ನನ್ನ ಮಂದ್ರದ ಪಂಚಮ ಕೇಳಿ, “ಇದನ್ನ ನಂಗೆ ನಮ್ಮಯ್ಯ ಹೊಡೆದು ಹೇಳ್ಕೊಟ್ರೂ ಬಂದಿರ್ಲಿಲ್ಲ” ಎಂದ. ಅವನಿಂದ ನನಗೆ ಸಿಕ್ಕಿದ ಮೊದಲ ಹೊಗಳಿಕೆ ಅದು. ಅಮ್ಮ ದೃಷ್ಟಿ ತೆಗೆಯಲಿಲ್ಲ.

ಎರಡು ವರ್ಷದ ಮೇಲೆ ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಕ್ಲಿಪ್ ತೆಗೆದ ದಿನ ಹಲ್ಲುಗಳು ಒದ್ದೆ ಗಾಜಿನ ಹಾಗೆ ಜಾರುತ್ತಿದ್ದವು. ನಾಲಗೆಗೆ ಅವುಗಳ ಮೇಲೆ ಆಡಿ ಆಡಿ ಸಾಕಾಗಲಿಲ್ಲ. ಒಂದು ಹಲ್ಲಿನಲ್ಲೂ ಹುಳುಕಿಲ್ಲ, ಬಿಳಿ ಕಲೆ ಒಂದೇ ಒಂದು ಎಂದು ಡಾಕ್ಟರಮ್ಮ ತಮ್ಮ ಮೇಷ್ಟರನ್ನು ಕರೆದು ತೋರಿಸಿದರು. ಆ ಬಿಳಿ ಕಲೆ ಗಣೇಶನ ಹಬ್ಬದ್ದು, ಈಗಲೂ ಇದೆ. ಮನೆಗೆ ಬಂದು ಪೀಪಿ ಬಾಯಿಗಿಟ್ಟರೆ ಬರೀ ಗಾಳಿ. ತಂತಿಗೆ ಪಳಗಿದ ತುಟಿಗೆ ತಂತಿಯಿಲ್ಲದ ಬಾಯಿಯ ಗುರುತೇ ಸಿಗಲಿಲ್ಲ. ಅಪ್ಪ ಗಾಬರಿಯಾಗಲಿಲ್ಲ. “ಹೊಸ ಬಾಯಿ ಕಣೋ. ನಾಲ್ಕು ದಿನ ಕೊಡು ಅದಕ್ಕೆ,” ಎಂದ. ನಾಲ್ಕು ದಿನವಲ್ಲ, ಮೂರು ವಾರ ಬೇಕಾಯಿತು. ಮೂರನೇ ವಾರದ ಕೊನೆಯಲ್ಲಿ ನುಗ್ಗೇಮರದ ಕೆಳಗಿನಿಂದ ತಾತ ಕೂಗಿದ: “ಸಡ್ಜ ನಿಂತ್ಕಂತು ಕಣ್ಲಾ!”

ಅದಾದ ಮೇಲಿನ ಮೊದಲ ಮದುವೆ ತಣಿಸಂದ್ರದ ಛತ್ರದಲ್ಲಿ. ಅಪ್ಪನ ಬಲಮಗ್ಗುಲಲ್ಲಿ ನಾನು ಕೂತೆ. ಮುಹೂರ್ತಕ್ಕೆ ಗಟ್ಟಿಮೇಳ ಎಂದು ಪುರೋಹಿತರು ಕೈ ಎತ್ತಿದಾಗ ಇಬ್ಬರೂ ಒಂದೇ ಉಸಿರಿಗೆ ಎತ್ತಿಕೊಂಡೆವು. ಬಾಯಲ್ಲಿ ಎಲ್ಲೂ ನೋವಿರಲಿಲ್ಲ, ಪೀಪಿ ಒರೆಸಿದರೆ ಟವಲು ಬೆಳ್ಳಗೇ ಇತ್ತು. ಅಪ್ಪನ ಕೆಳಗಿನ ಹಲ್ಲುಗಳ ಹಿಂದೆ ತೆಳುವಾದ ತಂತಿ ಆ ಹೊತ್ತಿಗೂ ಇತ್ತು, ಹಲ್ಲು ಮೂರೂ ನಿಂತಿದ್ದವು. ಊಟವಾದ ಮೇಲೆ ತಟ್ಟೆಯಲ್ಲಿ ಇಟ್ಟುಕೊಟ್ಟ ಎಲೆಅಡಿಕೆಯನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿ, ನಾವಿಬ್ಬರೂ ಛತ್ರದ ಹಿಂದೆ, ಪಾತ್ರೆ ತೊಳೆಯುವ ನಲ್ಲಿಯ ಹತ್ತಿರ ಹೋದೆವು. ಅಪ್ಪ ರೇಷ್ಮೆ ಅಂಗಿಯ ಜೇಬಿನಿಂದ ಬ್ರಶ್ ತೆಗೆದ, ನಾನೂ ತೆಗೆದೆ. ಕೊಪ್ಪರಿಗೆ ಉಜ್ಜುತ್ತಿದ್ದ ಅಡುಗೆಭಟ್ಟರೊಬ್ಬರು ಕೈ ನಿಲ್ಲಿಸಿ ನಮ್ಮನ್ನೇ ನೋಡಿ ಕೇಳಿದರು.

“ಏನ್ರೀ ಓಲಗದೋರು, ಹೊಟ್ಟೆ ತುಂಬ ಉಂಡು, ಎಲೆಅಡಿಕೆ ಹಾಕ್ಕೊಳೋದು ಬಿಟ್ಟು ಹಲ್ಲುಜ್ತಾ ನಿಂತಿದೀರಲ್ಲ!”

ಅಪ್ಪ ಆವರ್ತ ಮುಗಿಯುವವರೆಗೂ ಉತ್ತರ ಕೊಡಲಿಲ್ಲ. ಮುಗಿದ ಮೇಲೆ ನೊರೆ ಉಗಿದು, ಬಾಯಿ ಮುಕ್ಕಳಿಸಿ, ತುಟಿ ಒರೆಸಿಕೊಂಡ.

“ನಾಳೆ ಇನ್ನೊಂದು ಮದುವೆ ಇದೆ ಕಣ್ರೀ,” ಎಂದ.